ಉಣುಗು, ಹಕ್ಕಿ ಮತ್ತು ಕಡಲಾಚೆಯ ಕಾಸು

ಘಟ್ಟದ ಬುಡದಲ್ಲಿರುವ ಕೊಲ್ಲೂರು, ಹೊಸಂಗಡಿ, ಸಿದ್ದಾಪುರ, ಅಮಾಸೆಬೈಲು ಕಡೆಯ ಜನರಿಗೆ ಹಾಡಿಯಲ್ಲಿ ಮಂಗ ಸತ್ತುಬಿದ್ದಿದೆ ಎಂಬುದು ಸಣ್ಣ ಸಂಗತಿಯಲ್ಲ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೂ ಅದು ಎಚ್ಚರಿಕೆಯ ಗಂಟೆ. ತರಗೆಲೆ ಗುಡಿಸಲು ಹೋಗುವವರು ಹಿಂಜರಿಯುತ್ತಾರೆ, ಆರೋಗ್ಯ ಕಾರ್ಯಕರ್ತೆಯರು ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಹಿಡಿದು ಮನೆಮನೆಗೆ ಬರುತ್ತಾರೆ, ಜ್ವರ ಬಂದವರಿಂದ ರಕ್ತದ ಮಾದರಿ ತೆಗೆಯುತ್ತಾರೆ. 2019ರ ಜನವರಿಯಲ್ಲಿ ಘಟ್ಟದ ಮೇಲಿನ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಾಗ ಉಡುಪಿ ಜಿಲ್ಲೆಯಲ್ಲೂ ಮಂಗಗಳ ಶವಗಳು ಸಿಕ್ಕವು. ಕೆಲವದರಲ್ಲಿ ವೈರಸ್ ಇದ್ದದ್ದು ದೃಢಪಟ್ಟಿತು. ಘಟ್ಟದ ಮೇಲಿನ ರೋಗಿಗಳು ಆಂಬುಲೆನ್ಸ್‌ನಲ್ಲಿ ಇಳಿದು ಬಂದದ್ದು, ಬ್ರಹ್ಮಾವರದಿಂದ ಅರ್ಧ ಗಂಟೆಯ ದಾರಿಯಾದ ಮಣಿಪಾಲದ ಆಸ್ಪತ್ರೆಗೆ.

ಹೀಗೆ ತೆಗೆದ ರಕ್ತ ಎಲ್ಲಿಗೆ ಹೋಗುತ್ತದೆ? ಪರೀಕ್ಷೆಗೆ ಹಣ ಕೊಡುವವರು ಯಾರು? ಫಲಿತಾಂಶದ ಪ್ರತಿ ಮತ್ತಾರ ಕೈಸೇರುತ್ತದೆ? ಜ್ವರದಲ್ಲಿ ಬೇಯುತ್ತಿರುವವನು ಇದನ್ನೆಲ್ಲ ಕೇಳುವುದಿಲ್ಲ, ನಿಜ. ಆದರೆ ಮಂಗನ ಕಾಯಿಲೆಯ ಚರಿತ್ರೆಯ ಉದ್ದಕ್ಕೂ ಈ ಪ್ರಶ್ನೆಗಳು ನೆರಳಿನಂತೆ ಬಂದಿವೆ. ಒಮ್ಮೆ ಅವು ದಿಲ್ಲಿಯ ಸಂಸತ್ತಿನವರೆಗೂ ಹೋದದ್ದುಂಟು.

ಕ್ಯಾಸನೂರಿನಲ್ಲಿ ಕಂಡದ್ದು

ಕತೆ ಶುರುವಾಗುವುದು 1957ರಲ್ಲಿ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗರಿಗೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮಂಗ ಸತ್ತು ಮನುಷ್ಯನಿಗೂ ಜ್ವರ ಎಂದೊಡನೆ ವಿಜ್ಞಾನಿಗಳ ಎದೆ ಧಸಕ್ಕೆಂದಿತು. ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ ಅದೇ ಆಗಿತ್ತು, ಭಾರತಕ್ಕೆ ಆ ಜ್ವರ ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಓಡಿ ಬಂತು. ಸಿಕ್ಕದ್ದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸದೊಂದು ವೈರಸ್. ಕಾಡಿನ ಹೆಸರೇ ಕಾಯಿಲೆಗೂ ಬಂತು.

ಪುಣೆಯ ಆ ಕೇಂದ್ರ 1952ರಲ್ಲಿ ಹುಟ್ಟಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನಗಳ ಜಂಟಿ ಸಾಹಸವಾಗಿ. ಕ್ಯಾಸನೂರಿನ ಶೋಧದ ಮುಂಚೂಣಿಯಲ್ಲಿದ್ದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಇಬ್ಬರೂ ರಾಕ್‌ಫೆಲರ್‌ನ ಅಮೆರಿಕನ್ನರು. ಅವರ ಜೊತೆಗೆ ಟಿ. ರಾಮಚಂದ್ರರಾವ್ ಅವರಂಥ ಭಾರತೀಯ ಕೀಟತಜ್ಞರಿದ್ದರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಪ್ರತಿಷ್ಠಾನದ ಹೆಸರು ಕೇಂದ್ರದ ಜೊತೆಗೇ ಇತ್ತು, ಯಾರ ಹಣ, ಯಾರ ಜನ ಎಂಬುದು ಎಲ್ಲರಿಗೂ ತಿಳಿದಿತ್ತು. ರಾಕ್‌ಫೆಲರ್ 1960ರ ದಶಕದ ಕೊನೆಗೆ ಹಿಂದೆ ಸರಿಯಿತು. ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಪಡೆಯಿತು. ಇಂದಿಗೂ ಮಂಗನ ಕಾಯಿಲೆಯ ಕೊನೆಯ ಮಾತು ಪುಣೆಯದೇ.

ಹೊಸ ವೈರಸ್ಸಿನ ಗುರುತು ಹಿಡಿಯುವಾಗ ಕಂಡ ಇನ್ನೊಂದು ಸಂಗತಿ ಮುಂದಿನ ಎಲ್ಲ ರಗಳೆಗೂ ಬೀಜವಾಯಿತು. ರಷ್ಯಾದಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಕಾಣಿಸುವ ಮೆದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ದಾಯಾದಿ. ಸೈಬೀರಿಯದ ಕಡೆಯ ವೈರಸ್ಸಿನ ದಾಯಾದಿಗೆ ಸೊರಬದಲ್ಲಿ ಏನು ಕೆಲಸ? ಬಂದದ್ದಾದರೂ ಹೇಗೆ? ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಮೈಮೇಲಿನ ಉಣುಗಿನ ಜೊತೆಗೆ ತಂದಿರಬಹುದೇ? ಹಾಗೆ ಯೋಚಿಸಿದ್ದು ಆ ಕಾಲಕ್ಕೆ ತೀರಾ ಸಹಜ. ರಷ್ಯಾದ ಕಾಯಿಲೆಗೆ ಸಿದ್ಧಪಡಿಸಿದ್ದ ಲಸಿಕೆಯನ್ನೇ ಶಿವಮೊಗ್ಗದ ಹಳ್ಳಿಗಳಲ್ಲಿ ಚುಚ್ಚಿ ನೋಡಿದ್ದೂ ಆಯಿತು. ಅದು ಫಲ ಕೊಡಲಿಲ್ಲ.

ಹಕ್ಕಿಯ ಕಾಲಿನ ಉಂಗುರ

ಹಕ್ಕಿಗಳ ಜಾಡು ಹಿಡಿಯುವ ಕೆಲಸ ಸಹಜವಾಗಿಯೇ ಬಂದದ್ದು ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಆರಂಭವಾದ ಯೋಜನೆ ಅದು. ಬಲೆ ಹಾಕಿ ಹಕ್ಕಿ ಹಿಡಿಯುವುದು, ಕಾಲಿಗೆ ಅಂಕಿ ಕೊರೆದ ಉಂಗುರ ತೊಡಿಸುವುದು, ಮೈಮೇಲಿನ ಉಣುಗುಗಳನ್ನು ಹೆಕ್ಕಿ ಪರೀಕ್ಷೆಗೆ ಕಳಿಸುವುದು, ಹಕ್ಕಿಯನ್ನು ಹಾರಲು ಬಿಡುವುದು. ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಆ ವರ್ಷಗಳ ಉಂಗುರಗಳಿಂದ ಬಂದದ್ದು.

ಆದರೆ ದುಡ್ಡಿನ ಕೈ ನಡುವೆ ಬದಲಾಯಿತು. 1963ರಲ್ಲಿ ಬ್ಯಾಂಕಾಕನ್ನು ಕೇಂದ್ರವಾಗಿಟ್ಟುಕೊಂಡು ಏಷ್ಯಾದುದ್ದಕ್ಕೂ ವಲಸೆ ಹಕ್ಕಿಗಳ ಮೂಲಕ ಹರಡಬಹುದಾದ ರೋಗಗಳ ಸಮೀಕ್ಷೆಯೊಂದು ಹೊರಟಿತು. ಸಲೀಂ ಅಲಿಯವರ ಸಂಸ್ಥೆಯೂ ಅದರ ಜೊತೆಗೂಡಿತು. ಸಮೀಕ್ಷೆಯ ಮುಖ್ಯಸ್ಥ ಎಲಿಯಟ್ ಮೆಕ್‌ಕ್ಲೂರ್ ಗೌರವಾನ್ವಿತ ಪಕ್ಷಿತಜ್ಞ. ಹಣ ಮಾತ್ರ ಅಮೆರಿಕದ ಸೈನ್ಯದ್ದು.

ಸೈನ್ಯಕ್ಕೇಕೆ ಹಕ್ಕಿ? ಅಮೆರಿಕದ ಸೈನಿಕರು ಆಗ ಆಗ್ನೇಯ ಏಷ್ಯಾದ ಕಾಡುಗಳಲ್ಲಿದ್ದರು, ಅಲ್ಲಿಯ ರೋಗಗಳನ್ನು ತಿಳಿಯುವುದು ಅವರ ವೈದ್ಯರಿಗೆ ಬೇಕಿತ್ತು ಎಂಬುದು ಒಂದು ಉತ್ತರ. ಆದರೆ ಅದೇ ಸೈನ್ಯದ ಇನ್ನೊಂದು ವಿಭಾಗ 1969ರವರೆಗೂ ರೋಗಾಣುಗಳನ್ನು ಆಯುಧ ಮಾಡುವ ಕೆಲಸದಲ್ಲಿ ನಿರತವಾಗಿತ್ತು. ಆ ವರ್ಷ ನವೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಅದನ್ನು ನಿಲ್ಲಿಸುವುದಾಗಿ ಘೋಷಿಸಿದರು. ಪೆಸಿಫಿಕ್ ದ್ವೀಪಗಳ ಹಕ್ಕಿಗಳ ಕುರಿತು ಸ್ಮಿತ್‌ಸೋನಿಯನ್ ಸಂಸ್ಥೆ ನಡೆಸುತ್ತಿದ್ದ ಸಮೀಕ್ಷೆಯ ಹಿಂದೆ ಸೈನ್ಯದ ಹಣವಿದ್ದದ್ದು ಬಯಲಾಗಿ ಅಮೆರಿಕದಲ್ಲೇ ಗದ್ದಲವಾದದ್ದೂ ಅದೇ ವರ್ಷ. ಕ್ಯಾಸನೂರು ವೈರಸ್ ಕೂಡ ಸಾಮಾನ್ಯದ್ದಲ್ಲ. ದುರ್ಬಳಕೆಯಾಗಬಹುದಾದ ರೋಗಾಣುಗಳೆಂದು ಅಮೆರಿಕ ಮುಂದೆ ಕಟ್ಟುನಿಟ್ಟಿನ ನಿಯಂತ್ರಣಕ್ಕೊಳಪಡಿಸಿದ ಪಟ್ಟಿಯಲ್ಲಿ ಸೊರಬದ ಈ ಊರಿನ ಹೆಸರೂ ಇದೆ. ಹೀಗಿರುವಾಗ ಅನುಮಾನಪಟ್ಟವರನ್ನು ಹುಚ್ಚರೆನ್ನಲಾಗದು. ಸಲೀಂ ಅಲಿಯವರ ಪ್ರಾಮಾಣಿಕತೆಯನ್ನು ಶಂಕಿಸಲೂ ಕಾರಣವಿಲ್ಲ, ಹಕ್ಕಿಗಳ ಅಧ್ಯಯನಕ್ಕೆ ನಾಲ್ಕು ಕಾಸು ಕೊಡುವವರು ಆಗ ದೇಶದೊಳಗೆ ಸಿಗುತ್ತಿರಲಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಿರುವುದರಲ್ಲೇ ಈ ಪ್ರಕರಣದ ಕಷ್ಟವಿದೆ.

ಇನ್ನೊಂದು ವಿಪರ್ಯಾಸವಿದೆ. ವಲಸೆ ಹಕ್ಕಿಗಳು ಕಾಯಿಲೆ ತಂದವು ಎಂಬುದಕ್ಕೆ ಪುರಾವೆ ಸಿಗಲೇ ಇಲ್ಲ. ಉತ್ತರ ಕಾಲಬುಡದಲ್ಲೇ ಇತ್ತು. ರಾಕ್‌ಫೆಲರ್ ಕಳಿಸಿದ್ದ ಕೊಲಂಬಿಯದ ವಿಜ್ಞಾನಿ ಹೊರ್ಹೆ ಬೊಶೆಲ್ 1969ರಲ್ಲಿ ಬರೆದಂತೆ, ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಂಚಿಗೆ ದನಗಳನ್ನು ಮೇಯಲು ಬಿಟ್ಟಾಗ ಬೆಳೆದ ಉಣುಗಿಗೆ ಪುಷ್ಕಳ ಆಹಾರ ಸಿಕ್ಕಿ ಅದರ ಸಂತತಿ ಹಬ್ಬುತ್ತದೆ. ಮರಿ ಉಣುಗು ಮಂಗಕ್ಕೂ ಮನುಷ್ಯನಿಗೂ ಹತ್ತುತ್ತದೆ. ವೈರಸ್ ಮೊದಲಿನಿಂದಲೂ ಇಲ್ಲಿಯ ಕಾಡಿನೊಳಗೆ ತನ್ನಷ್ಟಕ್ಕೆ ಇದ್ದಿರಬೇಕು, ಕದ ತೆರೆದವರು ನಾವು.

ಸೊಳ್ಳೆಯಿಂದ ಸಂಸತ್ತಿಗೆ

ಕಿಡಿ ಹಾರಿದ್ದು ಹಕ್ಕಿಯಿಂದಲ್ಲ, ಸೊಳ್ಳೆಯಿಂದ. ದಿಲ್ಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸುತ್ತಿದ್ದ ಒಂದು ಘಟಕವಿತ್ತು. ಗಂಡು ಸೊಳ್ಳೆಗಳನ್ನು ಸಂತಾನಹೀನ ಮಾಡಿ ಊರಿಗೆ ಬಿಟ್ಟರೆ ಸೊಳ್ಳೆಯ ವಂಶವೇ ಕ್ಷೀಣಿಸುತ್ತದೆಯೇ ಎಂದು ನೋಡುವುದು ಅದರ ಕೆಲಸ. ಹಣ ಅಮೆರಿಕ ಸರ್ಕಾರದ್ದು. ಪಿ.ಎಲ್. 480 ಗೋಧಿಯ ಲೆಕ್ಕದಲ್ಲಿ ಇಲ್ಲಿಯೇ ಜಮೆಯಾಗಿದ್ದ ರೂಪಾಯಿಗಳು. ಪಡಿತರದ ಅಮೆರಿಕನ್ ಗೋಧಿ ತಿಂದ ತಲೆಮಾರಿಗೆ ಆ ಹೆಸರು ಇನ್ನೂ ನೆನಪಿದ್ದೀತು.

1974ರ ಜುಲೈಯಲ್ಲಿ ಪಿ.ಟಿ.ಐ. ಸುದ್ದಿಸಂಸ್ಥೆ ಈ ಘಟಕದ ಮೇಲೆ ಪ್ರಶ್ನೆಗಳ ಸುರಿಮಳೆಗರೆಯಿತು. ದೇಶವನ್ನು ಕಾಡುತ್ತಿರುವುದು ಮಲೇರಿಯಾ, ಘಟಕ ಹರಿಯಾಣದ ಸೋನೆಪತ್‌ನಲ್ಲಿ ಬಿಡಲು ಹೊರಟಿರುವುದು ಹಳದಿ ಜ್ವರ ಹರಡಬಲ್ಲ ಈಡಿಸ್ ಸೊಳ್ಳೆಗಳನ್ನು, ಏಕೆ? ಈ ಪ್ರಯೋಗದ ಅಂಕಿಅಂಶ ಯಾರ ಕೈಸೇರುತ್ತದೆ? ಪ್ರಶ್ನೆಗಳಿಗೆ ಒಳ್ಳೆಯ ಉತ್ತರಗಳಿದ್ದವು. ಬಿಡುವುದು ಕಚ್ಚದ ಗಂಡು ಸೊಳ್ಳೆ, ಡೆಂಗಿಯನ್ನು ಹರಡುವುದೂ ಅದೇ ಜಾತಿ. ಆದರೆ ಉತ್ತರ ಬಂದದ್ದು ತಡವಾಗಿ, ಬಂದಾಗಲೂ ಗದರುವ ದನಿಯಲ್ಲಿ.

ಲೋಕಸಭೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಷಯವನ್ನು ಕೈಗೆತ್ತಿಕೊಂಡಿತು. ಜ್ಯೋತಿರ್ಮಯ ಬಸು ಅಧ್ಯಕ್ಷತೆಯ ಸಮಿತಿಯ 167ನೆಯ ವರದಿ 1975ರ ಏಪ್ರಿಲ್‌ನಲ್ಲಿ ಮಂಡನೆಯಾಯಿತು. ಸಂಶೋಧನೆಯಲ್ಲಿ ವಿದೇಶಿಯರ ಪಾಲ್ಗೊಳ್ಳುವಿಕೆಯೇ ಅದರ ವಿಷಯ. ಸೊಳ್ಳೆ ಘಟಕದ ಜೊತೆಗೆ ಹಕ್ಕಿಗಳ ಯೋಜನೆಯೂ ಅದರೊಳಗೆ ಬಂತು. ಇಂಥ ಒಪ್ಪಂದಗಳನ್ನು ಯಾವ ಮೇಲಧಿಕಾರಿಯೂ ಇಡಿಯಾಗಿ ಪರಿಶೀಲಿಸಿಲ್ಲ, ಭಾರತದ ಮಾಹಿತಿಯ ಮೇಲೆ ಭಾರತೀಯರಿಗೇ ಹಿಡಿತವಿಲ್ಲ ಎಂಬುದು ಸಮಿತಿಯ ಮುಖ್ಯ ದೂರು. ಜೈವಿಕ ಯುದ್ಧದ ಶಂಕೆಯನ್ನೂ ಅದು ಎತ್ತಿತು, ಸಾಬೀತು ಮಾಡಲಿಲ್ಲ. ಸೋನೆಪತ್‌ನ ಸೊಳ್ಳೆಗಳು ಪಂಜರದಿಂದ ಹೊರಬರಲೇ ಇಲ್ಲ, ಘಟಕ ಆ ವರ್ಷವೇ ಮುಚ್ಚಿತು. ಎರಡು ತಿಂಗಳಲ್ಲಿ ತುರ್ತು ಪರಿಸ್ಥಿತಿ ಬಂತು, ಪ್ರಶ್ನೆ ಕೇಳುವ ಕಾಲವೇ ಮುಗಿಯಿತು. ಮರುವರ್ಷ ಬಂದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಹುಟ್ಟಿದ್ದು ಚುನಾವಣೆ, ರಾಜಕೀಯದ ಚಿಂತೆಯಿಂದ. ಪ್ರಯೋಗಾಲಯಗಳ ಮೇಲೆ ಅದರ ಹಗ್ಗ ಬಿಗಿದದ್ದು ಬಹಳ ತಡವಾಗಿ.

ನಷ್ಟ ಯಾರಿಗಾಯಿತು? ಸೊಳ್ಳೆಯ ತಳಿವಿಜ್ಞಾನದಲ್ಲಿ ಭಾರತ ಆಗ ಮುಂಚೂಣಿಯಲ್ಲಿತ್ತು, ಆ ಕೆಲಸ ದಶಕಗಳ ಕಾಲ ಹಿಂದೆ ಬಿತ್ತು. ಡೆಂಗಿ ಇಂದು ಕುಂದಾಪುರದ ಪೇಟೆಯಲ್ಲೂ ಮನೆಮಾತು.

ದೈವದ ಮುನಿಸು, ಗುಳ್ಳದ ಬೀಜ

1982-83ರಲ್ಲಿ ಕಾಯಿಲೆ ಘಟ್ಟವಿಳಿದು ಬೆಳ್ತಂಗಡಿ ತಾಲೂಕಿಗೆ ಬಂತು. ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲೇ ಅದು ಸಿಡಿಯಿತು. 1,500ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಸುಮಾರು 150 ಮಂದಿ ಸತ್ತರು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಾಡು ಹೋದದ್ದಕ್ಕೆ ಭೂತಗಳು ಮುನಿದವೇ ಎಂದು ಜನ ವಿಚಾರಿಸಿದ್ದನ್ನು ದಾಖಲಿಸಿದ್ದಾರೆ. ಅಧಿಕಾರಿಗಳು ಕಾರಣ ಹೇಳದಿದ್ದಾಗ ದೈವದ ಪಾತ್ರಿಯಾದರೂ ಹೇಳುತ್ತಿದ್ದ. ಹಾಗೆ ನೋಡಿದರೆ ಪಾತ್ರಿಯ ಉತ್ತರ ಬೊಶೆಲ್ ಉತ್ತರಕ್ಕಿಂತ ಬಹಳ ದೂರವೇನೂ ಇರಲಿಲ್ಲ.

ಇಂಥ ಮೌನ ವೈರಸ್ಸಿಗಷ್ಟೇ ಸೀಮಿತವಲ್ಲ, ಬದನೆಕಾಯಿಗೂ ಬಂತು. ಉಡುಪಿಯ ಮಟ್ಟುಗುಳ್ಳದ ರುಚಿ ಬಲ್ಲವರಿಗೆ 2010ರ ಬಿಟಿ ಬದನೆ ಗಲಾಟೆ ಮರೆತಿರದು. ಅಮೆರಿಕ ಸರ್ಕಾರದ ನೆರವು ಸಂಸ್ಥೆಯ ಹಣ, ಕಾರ್ನೆಲ್ ವಿಶ್ವವಿದ್ಯಾಲಯದ ನೇತೃತ್ವ, ಮಹಿಕೋ ಕಂಪನಿಯ ವಂಶವಾಹಿ. ಇವುಗಳೊಂದಿಗೆ ಕೈಜೋಡಿಸಿದ್ದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಳಸಿದ ಆರು ಸ್ಥಳೀಯ ತಳಿಗಳಲ್ಲಿ ‘ಉಡುಪಿ ಲೋಕಲ್’ ಎಂಬುದೂ ಒಂದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಮೊದಲು ಕೇಳಬೇಕಿದ್ದ ಅನುಮತಿಯನ್ನು ಕೇಳಿಲ್ಲ ಎಂದು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಯೊಂದು ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಸಾರ್ವಜನಿಕ ಸಂಸ್ಥೆಗಳ ಸಹಯೋಗಕ್ಕೆ ವಿನಾಯಿತಿ ಇದೆ ಎಂಬುದು ಇನ್ನೊಂದು ಕಡೆಯ ವಾದ. ಬಿಟಿ ಬದನೆಯನ್ನು ಪರಿಶೀಲಿಸಿದ ತಜ್ಞರ ಸಮಿತಿಯಲ್ಲಿ ಅದೇ ಯೋಜನೆಯಲ್ಲಿ ಪಾಲಿದ್ದ ಸಂಸ್ಥೆಯವರೂ ಇದ್ದರೆಂಬ ಆಕ್ಷೇಪವೂ ಬಂತು. ಪರೀಕ್ಷೆ ಬರೆದವನೇ ಮೌಲ್ಯಮಾಪನಕ್ಕೆ ಕುಳಿತಂತೆ. ಅದೇ ವರ್ಷ ಆರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಟ್ಟ ವರದಿಯಲ್ಲಿ ಬಿಟಿ ಬೆಳೆಯ ಪ್ರತಿಪಾದಕ ವಿಜ್ಞಾನಿಯೊಬ್ಬರ ಲೇಖನದ ಸಾಲುಗಳು ಹಾಗೆಹಾಗೆಯೇ ಇದ್ದದ್ದು ಪತ್ತೆಯಾಗಿ ಅಕಾಡೆಮಿಗಳು ಮುಜುಗರಪಟ್ಟವು.

ಮಣಿಪಾಲ ಮತ್ತು ಮಿಮಿ

ಇನ್ನು ನಮ್ಮ ಅಂಗಳದ ವಿಷಯ. ಮಣಿಪಾಲ ವಿಶ್ವವಿದ್ಯಾಲಯದ ವೈರಸ್ ಸಂಶೋಧನಾ ಕೇಂದ್ರ 2014ರಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ, ಅಂದರೆ ಸಿ.ಡಿ.ಸಿ.ಯ ನೆರವಿನಲ್ಲಿ ಹತ್ತು ರಾಜ್ಯಗಳ ಆಸ್ಪತ್ರೆಗಳಿಂದ ಜ್ವರಪೀಡಿತರ ಮಾದರಿಗಳನ್ನು ತರಿಸಿ ಪರೀಕ್ಷಿಸುತ್ತಿತ್ತು. ‘ಯಾವುದೋ ಜ್ವರ’ ಎಂದು ಚೀಟಿ ಬರೆದು ಕಳಿಸುತ್ತಿದ್ದ ತಾಲೂಕು ಆಸ್ಪತ್ರೆಗಳಿಗೆ ಮೊದಲ ಬಾರಿ ಜ್ವರದ ಹೆಸರು ಸಿಕ್ಕಿತು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ಜನ ಸಾಯತೊಡಗಿದಾಗ ಅದು ನಿಪಾ ಎಂದು ಮೊದಲು ಹೇಳಿದ್ದು ಇದೇ ಪ್ರಯೋಗಾಲಯ, ಪುಣೆ ಅದನ್ನು ಖಚಿತಪಡಿಸಿತು. ಆ ಹಾವಳಿಯಲ್ಲಿ 17 ಮಂದಿ ಸತ್ತರು. ಹೆಸರು ತಿಳಿಯುವುದು ಇನ್ನಷ್ಟು ತಡವಾಗಿದ್ದರೆ ಎಷ್ಟಾಗುತ್ತಿತ್ತೋ.

ಮರುವರ್ಷವೇ ಬಿರುಗಾಳಿ. ನಿಪಾ ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯದಲ್ಲಿ ಮಾತ್ರ ಬೆಳೆಸಬಹುದಾದ ವೈರಸ್, ಆ ಹಂತದ ವ್ಯವಸ್ಥೆ ಇದ್ದದ್ದು ಪುಣೆಯಲ್ಲಿ. ಮಣಿಪಾಲದಲ್ಲಿ ನಿಪಾ ಸಂಬಂಧಿತ ಕೆಲಸಕ್ಕೆ ಸಿ.ಡಿ.ಸಿ. ಅಗತ್ಯ ಅನುಮತಿಯಿಲ್ಲದೆ ಹಣ ಕೊಟ್ಟಿದೆ ಎಂಬುದು ಕೇಂದ್ರದ ಆಕ್ಷೇಪ. 2019ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಸಿ.ಡಿ.ಸಿ.ಯನ್ನು ಪೂರ್ವಾನುಮತಿಯಿಲ್ಲದೆ ಭಾರತಕ್ಕೆ ಹಣ ಕಳಿಸುವಂತಿಲ್ಲದವರ ಪಟ್ಟಿಗೆ ಸೇರಿಸಿತು. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು 2020ರ ಫೆಬ್ರುವರಿಯಲ್ಲಿ. ಆಕ್ಷೇಪ ತೀರ್ಪಲ್ಲ, ಇದನ್ನು ಮರೆಯಬಾರದು. ಆದರೆ ಐದು ವರ್ಷ ಕಾಲ ಹತ್ತು ರಾಜ್ಯಗಳ ರೋಗಿಗಳ ಮಾದರಿ ಪಡೆದ ಯೋಜನೆಯ ಹಣದ ಮೂಲ ಸಾಮಾನ್ಯ ಓದುಗನಿಗೆ ಗೊತ್ತಾದದ್ದು, ಅದರ ಮೇಲೆ ಆಕ್ಷೇಪ ಬಂದ ಮೇಲೆಯೇ.

ಅದೇ ದಿನಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೇಲೂ ಬೆಳಕು ಬಿತ್ತು. ನಾಗಾಲ್ಯಾಂಡಿನ ಮಿಮಿ ಎಂಬ ಹಳ್ಳಿಯಲ್ಲಿ ತಲೆತಲಾಂತರದಿಂದ ಬಾವಲಿ ಬೇಟೆಯಾಡುವವರ ರಕ್ತವನ್ನು ಪರೀಕ್ಷಿಸಿದ ಅಧ್ಯಯನ 2019ರ ಅಕ್ಟೋಬರ್‌ನಲ್ಲಿ ಪ್ರಕಟವಾಗಿತ್ತು. ಹಣ ಕೊಟ್ಟವರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಸ್ಥೆಯೊಂದಿತ್ತು, ಲೇಖಕರಲ್ಲಿ ಚೀನಾದ ವುಹಾನ್ ವೈರಾಣು ಸಂಸ್ಥೆಯವರಿದ್ದರು. ಕೆಲವೇ ತಿಂಗಳಲ್ಲಿ ವುಹಾನ್ ಎಂಬ ಹೆಸರು ಜಗತ್ತಿನ ಎಲ್ಲರ ಬಾಯಲ್ಲಿತ್ತು. ಅಗತ್ಯ ಅನುಮತಿ ಪಡೆದಿತ್ತೇ ಎಂದು ತನಿಖೆಗೆ ಆದೇಶವಾಯಿತು. ಮಾದರಿಗಳು ದೇಶದ ಹೊರಗೆ ಹೋಗಿಲ್ಲ, ವುಹಾನಿನವರು ಪರೀಕ್ಷೆಗೆ ಬೇಕಾದ ಸಾಮಗ್ರಿ ಕೊಟ್ಟದ್ದಕ್ಕೆ ಹೆಸರು ಸೇರಿದೆ ಎಂದು ಸಂಸ್ಥೆ ಸ್ಪಷ್ಟಪಡಿಸಿತು.

ಗಮನಿಸಬೇಕಾದ್ದು ಇಲ್ಲಿದೆ. ಮಿಮಿಯ ಅಧ್ಯಯನದಲ್ಲಿ ಬಚ್ಚಿಟ್ಟದ್ದೇನೂ ಕಾಣದು. ಹಣದ ಮೂಲ, ಲೇಖಕರ ಸಂಸ್ಥೆ ಎಲ್ಲವೂ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ರಾಕ್‌ಫೆಲರ್ ಕಾಲದಲ್ಲೂ ಹಾಗೆಯೇ. ಹಕ್ಕಿಯ ಯೋಜನೆಗೂ ಒಪ್ಪಂದದ ಕಾಗದವಿತ್ತು. ಎಲ್ಲ ಪ್ರಕರಣಗಳಲ್ಲೂ ವಿಷಯ ಎಲ್ಲೋ ಒಂದು ಕಡೆ ಬರೆದಿಟ್ಟಿತ್ತು, ಪ್ರಬಂಧದ ಕೊನೆಯ ಪುಟದಲ್ಲೋ ದಿಲ್ಲಿಯ ಕಡತದಲ್ಲೋ. ರಕ್ತ ಕೊಟ್ಟವನ, ಬೀಜ ಕಾಪಾಡಿಕೊಂಡು ಬಂದವನ ಕಿವಿಗೆ ಮಾತ್ರ ಅದು ಬೀಳಲಿಲ್ಲ. ಸರ್ಕಾರ ಬಿಗಿ ಮಾಡಿದ್ದು ದಿಲ್ಲಿಗೆ ಹೋಗುವ ಕಾಗದದ ದಾರಿಯನ್ನು. ವಿದೇಶಿ ಸಹಯೋಗದ ವೈದ್ಯಕೀಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಸಂಶೋಧಕರ, ಸಂಸ್ಥೆಗಳ, ನೈತಿಕ ಸಮಿತಿಯ ಸದಸ್ಯರ ಹಿತಾಸಕ್ತಿಗಳನ್ನು ಬಹಿರಂಗಪಡಿಸುವ ಬಗ್ಗೆ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿವರವಾಗಿಯೇ ಹೇಳುತ್ತದೆ. ಊರಿಗೆ ಬರುವ ದಾರಿ ಇನ್ನೂ ಕಾಲುಹಾದಿ.

ದೇಶೀ ಹಣವಾದರೆ ಎಲ್ಲವೂ ತಾನಾಗಿಯೇ ಬೆಳಕಿಗೆ ಬರುತ್ತದೆ ಎಂದೂ ಇಲ್ಲ. 1990ರಿಂದ ಮಲೆನಾಡಿನಲ್ಲಿ ಕೊಡುತ್ತಿದ್ದ ಮಂಗನ ಕಾಯಿಲೆಯ ಲಸಿಕೆ ಅಪ್ಪಟ ಇಲ್ಲಿಯದೇ. ಎರಡು ಸಲ ಚುಚ್ಚಿಸಿಕೊಂಡವರಲ್ಲಿ ರಕ್ಷಣೆ ಶೇ. 62ರಷ್ಟು, ಮೂರನೆಯದನ್ನೂ ಪಡೆದವರಲ್ಲಿ ಶೇ. 83ರಷ್ಟು ಎಂದು 2013ರ ಅಧ್ಯಯನವೊಂದು ತೋರಿಸಿತ್ತು. ಚುಚ್ಚಿಸಿಕೊಂಡ ಎಷ್ಟು ಮಂದಿಗೆ ಈ ಲೆಕ್ಕ ಹೇಳಲಾಗಿತ್ತು? 2022ರಲ್ಲಿ ಆ ಲಸಿಕೆ ಪರಿಣಾಮಕಾರಿಯಲ್ಲವೆಂದು ನಿಂತೇಹೋಯಿತು.

ಹೊಸ ಲಸಿಕೆಯ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಕೈಗೆತ್ತಿಕೊಂಡಿದೆ. ಲಸಿಕೆಯ ಪರೀಕ್ಷೆ ಕಾಯಿಲೆ ಇರುವ ಊರುಗಳಿಗೆ ಬರಲೇಬೇಕು, ಹೊಸಂಗಡಿ, ಕೊಲ್ಲೂರು ಕಡೆಯವರ ತೋಳನ್ನೂ ಕೇಳಬಹುದು. ಸಹಿ ಹಾಕುವ ಮುನ್ನ ಕೈಗೆ ಕೊಡುವ ಮಾಹಿತಿ ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂಬುದು ನಿಯಮ. ಓದಲು ಬಾರದವರಿಗೆ ಅದನ್ನು ಓದಿ ಹೇಳುವಾಗ, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬ ಪಕ್ಕದಲ್ಲಿ ಕುಳಿತಿರಬೇಕು.